ಗೇಮ್ ಆಡುವಾಗ ಡೆಸ್ಕ್‌ಟಾಪ್ ಆಫ್ ಆಗುತ್ತಿದೆಯೇ? ಈ ಕ್ರಮದಲ್ಲಿ ಹುಡುಕಿ

ಬ್ರೌಸರ್ ತೆರೆದರೆ ಏನೂ ಇಲ್ಲ, ವಿಡಿಯೋ ನೋಡಿದರೂ ಏನೂ ಇಲ್ಲ. ಗೇಮ್ ಶುರು ಮಾಡಿ ಹತ್ತಿಪ್ಪತ್ತು ನಿಮಿಷವಾದರೆ ಟಪ್ ಎಂದು ಎಲ್ಲ ಆಫ್. ಈ ತೊಂದರೆ ಹೇಳಿಕೊಂಡು ಬರುವವರು ಅಷ್ಟರಲ್ಲಿ ಮೂರು ಕೆಲಸ ಮುಗಿಸಿಯೇ ಇರುತ್ತಾರೆ: ವಿಂಡೋಸ್ ಮತ್ತೆ ಹಾಕಿರುತ್ತಾರೆ, ಡ್ರೈವರ್ ನಾಲ್ಕು ಸಲ ಬದಲಿಸಿರುತ್ತಾರೆ, ಹೊಸ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಹೊಂದಿಸುತ್ತಿರುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಡ್ರೈವರ್ ಕೆಟ್ಟರೆ ಗೇಮ್ ಮುಚ್ಚಿಕೊಳ್ಳುತ್ತದೆ, ಇಲ್ಲವೇ ವಿಂಡೋಸ್ ಕುಸಿದಾಗಿನ ನೀಲಿ ಪರದೆ (ಹೊಸ ವಿಂಡೋಸ್ 11ರಲ್ಲಿ ಅದು ಕಪ್ಪು) ಬರುತ್ತದೆ. ಫ್ಯಾನು ನಿಂತು, ಲೈಟು ಆರಿ, ಇಡೀ ಯಂತ್ರ ಸತ್ತಂತಾಗುವುದು ಬಹುಪಾಲು ಕರೆಂಟಿನ ಅಥವಾ ಬಿಸಿಯ ವಿಷಯ.

ಖರ್ಚಿಲ್ಲದ್ದು ಮೊದಲು, ಖರ್ಚಿನದು ಕೊನೆಗೆ ಎಂಬ ಲೆಕ್ಕದಲ್ಲಿ ಹಂತಗಳನ್ನು ಜೋಡಿಸಿದ್ದೇನೆ. ನಡುವಿನದನ್ನು ಹಾರಿಸಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ಗೇಮ್, ಅದೇ ಸೆಟ್ಟಿಂಗ್‌ನಲ್ಲಿ ಆಡಿ ನೋಡಿ. ಧೂಳು ತೆಗೆದು, ಚಿಪ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಿ, ಬಯಾಸ್ (ಮದರ್‌ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಎಲ್ಲ ಒಂದೇ ಸಂಜೆಗೆ ಮುಗಿಸಿದರೆ, ತೊಂದರೆ ಹೋದರೂ ಯಾವುದರಿಂದ ಹೋಯಿತು ಎಂದು ಗೊತ್ತಾಗುವುದಿಲ್ಲ. ತಿಂಗಳ ನಂತರ ಮರಳಿ ಬಂದರೆ ಮತ್ತೆ ಮೊದಲಿನಿಂದ ಶುರು.

ಬೇಕಾಗುವ ಸಾಮಾನು

ಫಿಲಿಪ್ಸ್ ಸ್ಕ್ರೂ ಡ್ರೈವರ್, ಟಾರ್ಚು, ಮೆತ್ತನೆಯ ಬ್ರಷ್ ಅಥವಾ ಬ್ಲೋವರ್, ಐಸೊಪ್ರೊಪೈಲ್ ಆಲ್ಕೊಹಾಲ್, ಥರ್ಮಲ್ ಪೇಸ್ಟ್‌ನ ಸಣ್ಣ ಟ್ಯೂಬು, ಒಂದು ಪೆನ್ ಡ್ರೈವ್. ಸಾಫ್ಟ್‌ವೇರ್ ಎಲ್ಲ ಉಚಿತವಾಗಿಯೇ ಸಿಗುತ್ತದೆ: ಅಳೆಯಲು ಎಚ್‌ಡಬ್ಲ್ಯೂಇನ್ಫೋ, ಗ್ರಾಫಿಕ್ಸ್ ಕಾರ್ಡನ್ನು ಹದ್ದುಬಸ್ತಿನಲ್ಲಿಡಲು ಎಂಎಸ್‌ಐ ಆಫ್ಟರ್‌ಬರ್ನರ್, ದುಡಿಸಲು ಸಿನೆಬೆಂಚ್ ಮತ್ತು ಓಸಿಸಿಟಿ, ರ‍್ಯಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್86. ಜೊತೆಗೆ ಒಂದು ಕಾಗದ ಮತ್ತು ಪೆನ್ನು. ಇದನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ಆಮೇಲೆ ಪರದಾಡುತ್ತಾರೆ.

ಹಂತ 1: ಹೇಗೆ ಆಫ್ ಆಗುತ್ತಿದೆ ಎಂದು ಕಣ್ಣಿಟ್ಟು ನೋಡಿ

"ಆಫ್ ಆಗುತ್ತೆ" ಎಂಬ ಒಂದೇ ಮಾತಿನ ಹಿಂದೆ ಕನಿಷ್ಠ ನಾಲ್ಕು ಬೇರೆ ಬೇರೆ ತೊಂದರೆಗಳಿರುತ್ತವೆ. ಮುಂದಿನ ಸಲ ಆದಾಗ ಬೈಯುತ್ತಾ ಪವರ್ ಬಟನ್ ಒತ್ತುವ ಮೊದಲು ಹತ್ತು ಸೆಕೆಂಡು ಸುಮ್ಮನೆ ನೋಡಿ.

ಪರದೆ ಕಪ್ಪಾಗಿ, ಫ್ಯಾನು ನಿಂತು, ಬಟನ್ ಒತ್ತಿದರೂ ಏಳುವುದಿಲ್ಲ. ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಹಂಚುವ ಪವರ್ ಸಪ್ಲೈ ಪೆಟ್ಟಿಗೆ) ಹಿಂದಿನ ಸ್ವಿಚ್ ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಹಾಕಿದರೆ ಮಾತ್ರ ಏಳುತ್ತದೆ. ಇದು ಎಸ್‌ಎಂಪಿಎಸ್ ತನ್ನನ್ನು ತಾನು ರಕ್ಷಿಸಿಕೊಂಡ ಗುರುತು. ಹಂತ 3 ಮತ್ತು 6 ನಿಮಗಾಗಿಯೇ ಇವೆ.

ಪೂರ್ತಿ ಆಫ್ ಆಗಿ, ತಕ್ಷಣ ಬಟನ್ ಒತ್ತಿದರೆ ಮತ್ತೆ ಒಂದೆರಡು ನಿಮಿಷಕ್ಕೇ ಆಫ್, ಅರ್ಧ ಗಂಟೆ ಬಿಟ್ಟರೆ ಮತ್ತೆ ಸರಿ. ಇದು ಬಿಸಿಯ ಲಕ್ಷಣ.

ಆಫ್ ಆಗಿ ತಾನೇ ರೀಸ್ಟಾರ್ಟ್ ಆಗುತ್ತದೆ. ಇದು ಕರೆಂಟಿನದೂ ಇರಬಹುದು, ಪ್ರೊಸೆಸರ್ ಅಥವಾ ರ‍್ಯಾಮ್ ತಪ್ಪೂ ಇರಬಹುದು. ಎಷ್ಟೋ ಸಲ ನೀಲಿ ಪರದೆ ಬಂದಿರುತ್ತದೆ, ಆದರೆ ಕಣ್ಣಿಗೆ ಬೀಳುವ ಮೊದಲೇ ವಿಂಡೋಸ್ ರೀಸ್ಟಾರ್ಟ್ ಮಾಡಿರುತ್ತದೆ.

ಪರದೆ ಮಾತ್ರ ಕಪ್ಪು, ಫ್ಯಾನು ತಿರುಗುತ್ತಲೇ ಇದೆ, ಕೆಲವೊಮ್ಮೆ ಗೇಮ್‌ನ ಸದ್ದೂ ಕೇಳಿಸುತ್ತದೆ. ಇದು ಆಫ್ ಆಗಿರುವುದೇ ಅಲ್ಲ. ಕಾರ್ಡು, ಅದರ ಡ್ರೈವರ್, ಅದರ ಪವರ್ ಕೇಬಲ್ ಅಥವಾ ಮಾನಿಟರ್ ಕೇಬಲ್ ಕಡೆ ನೋಡಬೇಕು. ಫ್ಯಾನು ಇದ್ದಕ್ಕಿದ್ದಂತೆ ಜೋರಾಗಿ ಕೂಗಿದರೆ ಕಾರ್ಡಿನ ಮೇಲೆ ಅನುಮಾನ ಗಟ್ಟಿಯಾಗುತ್ತದೆ.

ಕಾಗದದಲ್ಲಿ ಬರೆದುಕೊಳ್ಳಿ: ಯಾವ ಗೇಮ್, ಎಷ್ಟು ನಿಮಿಷಕ್ಕೆ, ಆ ಹೊತ್ತಿಗೆ ಏನಾಗುತ್ತಿತ್ತು, ಮತ್ತೆ ಹೇಗೆ ಎದ್ದಿತು. ಐದು ಸಲದ ದಾಖಲೆ ಇದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಪ್ರತಿ ಸಲವೂ ಹದಿನೈದು ಇಪ್ಪತ್ತು ನಿಮಿಷಕ್ಕೆ ಆದರೆ ಬಿಸಿ ನಿಧಾನಕ್ಕೆ ಏರುತ್ತಿದೆ ಎಂದರ್ಥ. ಒಮ್ಮೆ ಎರಡು ನಿಮಿಷ, ಒಮ್ಮೆ ಒಂದು ಗಂಟೆ, ಅದೂ ದೊಡ್ಡ ಸ್ಫೋಟದ ದೃಶ್ಯ ಅಥವಾ ಲೋಡಿಂಗ್ ಮುಗಿದ ಗಳಿಗೆಯಲ್ಲೇ ಆದರೆ ಕರೆಂಟಿನ ಕಡೆ ವಾಲಿ.

ಹಂತ 2: ವಿಂಡೋಸ್ ಏನು ಬರೆದಿಟ್ಟಿದೆ ನೋಡಿ

ಮೊದಲು ತಾನಾಗಿ ರೀಸ್ಟಾರ್ಟ್ ಆಗುವುದನ್ನು ನಿಲ್ಲಿಸಿ. ಸಿಸ್ಟಮ್ ಪ್ರಾಪರ್ಟೀಸ್‌ನಲ್ಲಿ ಅಡ್ವಾನ್ಸ್ಡ್ ಟ್ಯಾಬ್, ಅಲ್ಲಿ ಸ್ಟಾರ್ಟಪ್ ಅಂಡ್ ರಿಕವರಿ ಕೆಳಗಿನ ಸೆಟ್ಟಿಂಗ್ಸ್ ಒತ್ತಿ, "ಆಟೊಮ್ಯಾಟಿಕಲಿ ರೀಸ್ಟಾರ್ಟ್" ಮುಂದಿನ ಟಿಕ್ ತೆಗೆಯಿರಿ. ಇನ್ನು ಮುಂದೆ ನೀಲಿ ಪರದೆ ಬಂದರೆ ಓಡಿಹೋಗದೆ ನಿಲ್ಲುತ್ತದೆ.

ಆಮೇಲೆ ಸ್ಟಾರ್ಟ್ ಮೆನುವಿನಲ್ಲಿ ಇವೆಂಟ್ ವ್ಯೂವರ್ ಹುಡುಕಿ ತೆರೆದು, ವಿಂಡೋಸ್ ಲಾಗ್ಸ್ ಅಡಿಯಲ್ಲಿ ಸಿಸ್ಟಮ್ ಆರಿಸಿ. ಕರ್ನೆಲ್ ಪವರ್ 41 ಎಂಬ ಕೆಂಪು ಸಾಲು ಸಾಮಾನ್ಯವಾಗಿ ಕಾಣುತ್ತದೆ. ಅದನ್ನು ಕಂಡ ಕೂಡಲೇ "ಕಾರಣ ಸಿಕ್ಕಿತು" ಎಂದು ಕುಣಿಯುವುದು ಎಲ್ಲರೂ ಮಾಡುವ ತಪ್ಪು. 41 ಅಂದರೆ "ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ" ಎಂದಷ್ಟೇ. ಅದು ಕಾರಣವಲ್ಲ, ವರದಿ. ಉಪಯೋಗಕ್ಕೆ ಬರುವುದು ಅದರ ಡೀಟೇಲ್ಸ್ ಟ್ಯಾಬ್‌ನಲ್ಲಿರುವ ಬಗ್‌ಚೆಕ್ ಕೋಡ್. ಅಲ್ಲಿ 0 ಇದ್ದರೆ ಬರೆದಿಡಲೂ ವಿಂಡೋಸ್‌ಗೆ ಪುರುಸೊತ್ತು ಸಿಕ್ಕಿಲ್ಲ, ಕರೆಂಟು ಏಕಾಏಕಿ ಹೋಗಿರುವ ಸಾಧ್ಯತೆಯೇ ಹೆಚ್ಚು. ಬೇರೆ ಸಂಖ್ಯೆ ಇದ್ದರೆ ನೀಲಿ ಪರದೆ ಬಂದಿತ್ತು ಎಂದರ್ಥ. ಆ ಕೋಡ್ ಹಿಡಿದು ಹಂತ 7ಕ್ಕೆ ಹೋಗಬಹುದು.

ಡಬ್ಲ್ಯೂಎಚ್‌ಇಎ ಲಾಗರ್ ಹೆಸರಿನ ಸಾಲುಗಳೂ ಆಸುಪಾಸಿನ ಸಮಯದಲ್ಲಿ ಇವೆಯೇ ನೋಡಿ. ಅವು ಪ್ರೊಸೆಸರ್, ರ‍್ಯಾಮ್ ಅಥವಾ ಕಾರ್ಡಿನ ಸ್ಲಾಟಿನಲ್ಲಿ ಹಾರ್ಡ್‌ವೇರ್ ತಪ್ಪು ಸಿಕ್ಕಾಗ ಬರುವಂಥವು. 1074 ಸಂಖ್ಯೆಯ ಸಾಲು ಇದ್ದರೆ ಯಾವುದೋ ಪ್ರೋಗ್ರಾಂ ಕ್ರಮಬದ್ಧವಾಗಿಯೇ ಶಟ್‌ಡೌನ್ ಮಾಡಿಸಿದೆ. ಹಾರ್ಡ್‌ವೇರ್ ಮುಟ್ಟುವ ಮೊದಲು ಆ ಪ್ರೋಗ್ರಾಂ ಹೆಸರು ಓದಿ.

ಹಂತ 3: ಗೋಡೆಯ ಪ್ಲಗ್‌ನಿಂದ ಶುರು ಮಾಡಿ

ಕ್ಯಾಬಿನೆಟ್ ಬಿಚ್ಚುವ ಮೊದಲು ಅದರ ಹೊರಗೆ ನೋಡಿ. ಎಕ್ಸ್‌ಟೆನ್ಷನ್ ಬೋರ್ಡು, ಸ್ಟೆಬಿಲೈಸರ್, ಯುಪಿಎಸ್ ಎಲ್ಲ ಬಿಟ್ಟು ಕಂಪ್ಯೂಟರಿನ ಕೇಬಲನ್ನು ನೇರ ಗೋಡೆಗೆ ಹಾಕಿ ಒಂದು ಸಂಜೆ ಆಡಿ. ನಿಂತರೆ ಕಳ್ಳ ಸಿಕ್ಕಿದ.

ಬಹಳ ಸಲ ಸಿಗುವ ಕಳ್ಳ ಯುಪಿಎಸ್. ಅದರ ಮೇಲೆ 600 ವಿಎ ಎಂದು ಬರೆದಿದ್ದರೆ 600 ವ್ಯಾಟ್ ಎಂದು ತಿಳಿಯುವವರೇ ಹೆಚ್ಚು. ಸಣ್ಣ ಯುಪಿಎಸ್‌ಗಳು ನಿಜವಾಗಿ ಕೊಡಬಲ್ಲದ್ದು ಅದರ 60 ಶೇಕಡಾ ಆಸುಪಾಸು, ಅಂದರೆ 360 ವ್ಯಾಟ್. ಬ್ರೌಸರ್ ಓಡುವಾಗ ನೂರು ವ್ಯಾಟ್ ಕೂಡ ಎಳೆಯದ ಯಂತ್ರ ಗೇಮ್‌ನಲ್ಲಿ 400 ದಾಟಿದರೆ ಯುಪಿಎಸ್ ಕೀಕ್ ಎಂದು ಕೂಗಿ ಕೈಚೆಲ್ಲುತ್ತದೆ. ಮಾನಿಟರ್ ಕೂಡ ಅದೇ ಯುಪಿಎಸ್‌ನಲ್ಲಿದ್ದು ಎರಡೂ ಒಟ್ಟಿಗೆ ಆರಿದರೆ ಇನ್ನೇನೂ ಹುಡುಕಬೇಕಿಲ್ಲ.

ಎಸ್‌ಎಂಪಿಎಸ್ ಹಿಂಭಾಗಕ್ಕೆ ಹೋಗುವ ಪವರ್ ಕೇಬಲ್ ಸಡಿಲವಿದೆಯೇ ನೋಡಿ, ಬೇರೆ ಕೇಬಲ್ ಹಾಕಿಯೂ ನೋಡಿ. ಪ್ಲಗ್ ಅಥವಾ ಸಾಕೆಟ್ ಮುಟ್ಟಿದರೆ ಬಿಸಿ ಅನ್ನಿಸಿದರೆ, ಕಪ್ಪಗಾಗಿದ್ದರೆ ಅಲ್ಲಿಗೆ ನಿಲ್ಲಿಸಿ. ಅದು ಎಲೆಕ್ಟ್ರಿಷಿಯನ್ ಕೆಲಸ.

ಹಂತ 4: ಬಿಸಿಯನ್ನು ಊಹಿಸಬೇಡಿ, ಅಳೆಯಿರಿ

ಕ್ಯಾಬಿನೆಟ್ ಮೇಲೆ ಕೈಯಿಟ್ಟು "ಅಷ್ಟೇನೂ ಬಿಸಿಯಿಲ್ಲ" ಎನ್ನುವುದು ಅಳತೆಯಲ್ಲ. ಎಚ್‌ಡಬ್ಲ್ಯೂಇನ್ಫೋ ತೆರೆದು ಸೆನ್ಸರ್ಸ್ ಓನ್ಲಿ ಆರಿಸಿ, ಕೆಳಗಿನ ಲಾಗಿಂಗ್ ಬಟನ್ ಒತ್ತಿ ಫೈಲಿಗೆ ಹೆಸರು ಕೊಟ್ಟು ಗೇಮ್ ಶುರು ಮಾಡಿ. ಯಂತ್ರ ಆರಿದರೂ ಫೈಲಿನಲ್ಲಿ ಕೊನೆಯ ಸೆಕೆಂಡುಗಳ ಅಂಕಿ ಉಳಿದಿರುತ್ತದೆ. ಎದ್ದ ಮೇಲೆ ಅದನ್ನು ಎಕ್ಸೆಲ್‌ನಲ್ಲಿ ತೆರೆದು ಕೊನೆಯ ಇಪ್ಪತ್ತು ಸಾಲು ಓದಿ.

ನೋಡಬೇಕಾದ ಅಂಕಿಗಳು ಇವು. ಪ್ರೊಸೆಸರ್ ತಾಪಮಾನ: ಇಂಟೆಲ್‌ನ ಹೆಚ್ಚಿನ ಡೆಸ್ಕ್‌ಟಾಪ್ ಚಿಪ್‌ಗಳಿಗೆ ಮಿತಿ 100 ಡಿಗ್ರಿ ಸೆಲ್ಸಿಯಸ್, ಎಎಂಡಿಯ ರೈಜೆನ್ 7000 ಸರಣಿಯ ಹೆಚ್ಚಿನವಕ್ಕೆ 95. ಮಿತಿ ಮುಟ್ಟಿದರೆ ಚಿಪ್ ಮೊದಲು ತನ್ನ ವೇಗ ಇಳಿಸುತ್ತದೆ. ಅದಕ್ಕೂ ಬಗ್ಗದೆ ಬಿಸಿ ಏರಿದರೆ ಮಾತ್ರ ಆಫ್ ಮಾಡಿಸುತ್ತದೆ. ಹಾಗಾಗಿ ಗೇಮ್ ಮೊದಲು ತಡವರಿಸಿ, ಫ್ರೇಮ್ ಬಿದ್ದು, ಆಮೇಲೆ ಆರಿದರೆ ಬಿಸಿ ಎಂದು ಧೈರ್ಯವಾಗಿ ಹೇಳಬಹುದು. ಕಾರ್ಡಿನದು: ಸಾಮಾನ್ಯ ತಾಪಮಾನ 70ರಿಂದ 85 ಇದ್ದರೆ ಚಿಂತೆಯಿಲ್ಲ. ಹೆಚ್ಚಿನ ಕಾರ್ಡುಗಳಲ್ಲಿ ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಜಾಗ) ಅಂಕಿ ಬೇರೆ ಬರುತ್ತದೆ. ಅದು ಸಾಮಾನ್ಯ ಅಂಕಿಗಿಂತ ಹತ್ತು ಹದಿನೈದು ಡಿಗ್ರಿ ಹೆಚ್ಚಿರುವುದು ಸಹಜ. ಮೂವತ್ತು ಡಿಗ್ರಿ ಅಂತರವಿದ್ದರೆ ಕಾರ್ಡಿನ ಪೇಸ್ಟ್ ಒಣಗಿರಬಹುದು ಅಥವಾ ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲದಿರಬಹುದು.

ಆರುವ ಮುನ್ನ ಎಲ್ಲ ಅಂಕಿಗಳೂ ತಣ್ಣಗೆ, ಅರವತ್ತು ಎಪ್ಪತ್ತರಲ್ಲಿ ಇದ್ದವೇ? ಹಾಗಿದ್ದರೆ ಪೇಸ್ಟ್ ಬದಲಿಸುವುದರಿಂದ ಏನೂ ಆಗುವುದಿಲ್ಲ. ಹಂತ 5 ಬಿಟ್ಟು ನೇರ 6ಕ್ಕೆ ಬನ್ನಿ. ಹಂತ 2ರಲ್ಲಿ ಹೇಳಿದ ನೀಲಿ ಪರದೆಯ ಕೋಡ್ ಬಿಟ್ಟರೆ, ಇಡೀ ಮಾರ್ಗದರ್ಶಿಯಲ್ಲಿ ಹಾರಿಸಲು ಒಪ್ಪಿಗೆಯಿರುವುದು ಇದೊಂದೇ.

ಹಂತ 5: ಬಿಸಿಯೇ ಆಗಿದ್ದರೆ

ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟು ಹೋಗಲು ಬಿಡಿ. ಮೊದಲು ಧೂಳು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಗಾಳಿಯ ರಭಸಕ್ಕೆ ಅತಿವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಹೀಟ್‌ಸಿಂಕ್ ಮತ್ತು ಫ್ಯಾನಿನ ನಡುವೆ ಕಂಬಳಿಯಂತೆ ಕೂತ ಧೂಳು ಮೇಲಿನಿಂದ ಕಾಣುವುದಿಲ್ಲ, ಟಾರ್ಚು ಹಾಕಿ ನೋಡಿ.

ಫ್ಯಾನುಗಳ ದಿಕ್ಕು ನೋಡಿ. ಮುಂದಿನಿಂದ ಒಳಗೆ, ಹಿಂದೆ ಮತ್ತು ಮೇಲಿನಿಂದ ಹೊರಗೆ ಗಾಳಿ ಹೋಗಬೇಕು. ಸಾಮಾನ್ಯವಾಗಿ ಫ್ಯಾನಿನ ತೆರೆದ ಮುಖದಿಂದ ಗಾಳಿ ಎಳೆದು, ಚೌಕಟ್ಟಿನ ಕಡ್ಡಿಗಳಿರುವ ಮುಖದಿಂದ ಬಿಡುತ್ತದೆ. ಪಕ್ಕದ ಬಾಗಿಲು ತೆಗೆದು ಆಡಿದಾಗ ತಾಪಮಾನ ಹತ್ತು ಡಿಗ್ರಿಗಿಂತ ಹೆಚ್ಚು ಇಳಿದರೆ ತೊಂದರೆ ಕೂಲರ್‌ನದಲ್ಲ, ಕ್ಯಾಬಿನೆಟ್‌ಗೆ ಉಸಿರಾಡಲು ಜಾಗವಿಲ್ಲ.

ಲಿಕ್ವಿಡ್ ಕೂಲರ್ ಇದ್ದರೆ ಪಂಪ್ ತಿರುಗುತ್ತಿದೆಯೇ ಎಂದು ಬಯಾಸ್‌ನಲ್ಲಿ ಆರ್‌ಪಿಎಂ ನೋಡಿ. ಫ್ಯಾನು ತಿರುಗುತ್ತಿದ್ದರೆ ಪಂಪ್ ಕೂಡ ಓಡುತ್ತಿದೆ ಎಂದುಕೊಳ್ಳುವುದು ತಪ್ಪು. ಪಂಪ್ ನಿಂತಿದ್ದರೆ ಗೇಮ್ ತನಕ ಹೋಗುವುದೇ ಬೇಡ, ವಿಂಡೋಸ್ ಏಳುವಷ್ಟರಲ್ಲೇ ಅಂಕಿ ಏರುತ್ತಿರುತ್ತದೆ.

ಪೇಸ್ಟ್ ಹಾಕುವಾಗ: ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಲ್ಲಿ ಪೂರ್ತಿ ಒರೆಸಿ, ನಡುವೆ ಬಟಾಣಿ ಗಾತ್ರದಷ್ಟು ಹಾಕಿ, ಕೂಲರ್ ಕೂರಿಸಿ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಕೂಲರ್ ಬಿಚ್ಚುವ ಮೊದಲು ಹತ್ತು ನಿಮಿಷ ಗೇಮ್ ಆಡಿಸಿ ಪೇಸ್ಟ್ ಬೆಚ್ಚಗಾಗಲು ಬಿಡಿ, ಎಳೆಯುವಾಗ ತಿರುಚಿ ಎಳೆಯಿರಿ. ಪಿನ್ ಚಿಪ್‌ನಲ್ಲೇ ಇರುವ ಹಳೆಯ ರೈಜೆನ್ ಆದರೆ ನೇರ ಮೇಲಕ್ಕೆ ಎಳೆದಾಗ ಸಾಕೆಟ್‌ನಿಂದ ಚಿಪ್ಪೇ ಕಿತ್ತುಬರಬಹುದು.

ಒಮ್ಮೆ ಗೆಳೆಯನೊಬ್ಬ ಮೂರು ಸಲ ಪೇಸ್ಟ್ ಬದಲಿಸಿ ಸೋತು ಯಂತ್ರ ತಂದಿಟ್ಟಿದ್ದ. ಕೂಲರ್ ಎತ್ತಿ ನೋಡಿದರೆ ತಳದ ತಾಮ್ರಕ್ಕೆ ಅಂಟಿಸಿದ್ದ ತೆಳು ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಅದರ ಮೇಲೆ, "ಹಚ್ಚುವ ಮೊದಲು ತೆಗೆಯಿರಿ" ಎಂಬ ಎಚ್ಚರಿಕೆಯ ಮೇಲೆಯೇ, ಮೂರು ಪದರ ಪೇಸ್ಟ್.

ಹಂತ 6: ಎಸ್‌ಎಂಪಿಎಸ್ ಮತ್ತು ಅದರ ಕೇಬಲ್‌ಗಳು

ನನ್ನ ಅನುಭವದಲ್ಲಿ ತಣ್ಣಗಿರುವಾಗಲೇ ಟಪ್ ಎಂದು ಆರುವ ಯಂತ್ರಗಳಲ್ಲಿ ಹೆಚ್ಚಿನವು ಇಲ್ಲೇ ಬಂದು ನಿಲ್ಲುತ್ತವೆ. ಜನ ಎಸ್‌ಎಂಪಿಎಸ್ ಅನ್ನು ಅನುಮಾನಿಸದಿರಲು ಒಂದೇ ಕಾರಣ: "ಆನ್ ಆಗುತ್ತಲ್ಲ!" ಆನ್ ಆಗುವುದಕ್ಕೂ ಭಾರ ಹೊರುವುದಕ್ಕೂ ಸಂಬಂಧವಿಲ್ಲ. ಕನೆಕ್ಟರ್‌ಗೆ ಕಾಗದದ ಕ್ಲಿಪ್ ಚುಚ್ಚಿ ಎಸ್‌ಎಂಪಿಎಸ್ ಫ್ಯಾನು ತಿರುಗಿಸಿ ನೋಡುವ ಪರೀಕ್ಷೆಯೂ ಅಷ್ಟನ್ನೇ ಹೇಳುತ್ತದೆ.

ಮೊದಲು ಲೆಕ್ಕ. ಉದಾಹರಣೆಗೆ ಎನ್‌ವಿಡಿಯಾದ ಆರ್‌ಟಿಎಕ್ಸ್ 3080 ಕಾರ್ಡಿನ ರೇಟಿಂಗ್ 320 ವ್ಯಾಟ್. ಪ್ರೊಸೆಸರ್‌ಗೆ 140, ಮದರ್‌ಬೋರ್ಡ್, ಡ್ರೈವ್, ಫ್ಯಾನುಗಳಿಗೆ 60 ಎಂದಿಟ್ಟರೆ 520. "ನನ್ನದು 550 ವ್ಯಾಟ್, ಸಾಕಲ್ಲ" ಎನ್ನಬಹುದು. ಸಾಕಾಗುವುದಿಲ್ಲ. 320 ಎಂಬುದು ಸರಾಸರಿ. ಇಂಥ ಕಾರ್ಡುಗಳು ಮಿಲಿಸೆಕೆಂಡಿನ ಮಟ್ಟಿಗೆ ಅದಕ್ಕಿಂತ ಬಹಳ ಹೆಚ್ಚು ಎಳೆಯುತ್ತವೆ. ಆ ಜಿಗಿತ ಎಚ್‌ಡಬ್ಲ್ಯೂಇನ್ಫೋದಲ್ಲಿ ಕಾಣುವುದೂ ಇಲ್ಲ, ಏಕೆಂದರೆ ಅದು ನೋಡುವುದು ಸೆಕೆಂಡಿಗೋ ಎರಡು ಸೆಕೆಂಡಿಗೋ ಒಮ್ಮೆ. ಆದರೆ ಎಸ್‌ಎಂಪಿಎಸ್‌ನ ರಕ್ಷಣಾ ಸರ್ಕ್ಯೂಟ್ ಅದನ್ನು ನೋಡುತ್ತದೆ, ಮಿತಿ ಮೀರಿತು ಎಂದು ಬಾಗಿಲು ಹಾಕುತ್ತದೆ. 2022ರಲ್ಲಿ ಎಸ್‌ಎಂಪಿಎಸ್‌ಗಳಿಗೆ ಬಂದ ಎಟಿಎಕ್ಸ್ 3.0 ಮಾನದಂಡದಲ್ಲಿ, ರೇಟಿಂಗಿನ ಎರಡು ಪಟ್ಟು ಹೊರೆಯನ್ನು 100 ಮೈಕ್ರೋಸೆಕೆಂಡ್ ತಡೆದುಕೊಳ್ಳಬೇಕು ಎಂಬ ಅಂಶ ಸೇರಿದ್ದು ಇದೇ ಕಾರಣಕ್ಕೆ. ಕಾರ್ಡ್ ತಯಾರಕರು ತಮ್ಮ ಪುಟದಲ್ಲಿ ಕೊಟ್ಟಿರುವ ಶಿಫಾರಸನ್ನು ನೋಡಿ. 3080ಕ್ಕೆ ಎನ್‌ವಿಡಿಯಾ ಹೇಳಿದ್ದು 750 ವ್ಯಾಟ್.

ಇನ್ನು ಕೇಬಲ್. ಕಾರ್ಡಿಗೆ ಹೋಗುವ ಒಂದು 8 ಪಿನ್ ಕನೆಕ್ಟರ್‌ಗೆ ಮಾನದಂಡದ ಪ್ರಕಾರ 150 ವ್ಯಾಟ್, ಸ್ಲಾಟ್‌ನಿಂದ 75 ವ್ಯಾಟ್. ಕಾರ್ಡಿನಲ್ಲಿ ಎರಡು ಸಾಕೆಟ್ ಇದ್ದರೆ ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಬೇರೆ ಕೇಬಲ್ ಎಳೆಯಿರಿ. ಒಂದೇ ಕೇಬಲ್‌ನ ತುದಿಗೆ ಬಾಲದಂತೆ ಇನ್ನೊಂದು ಕನೆಕ್ಟರ್ ಇರುತ್ತದಲ್ಲ, ಅದನ್ನು ಹಾಕಿ ಮುಗಿಸುವುದು ಸುಲಭ, ನೋಡಲೂ ಅಚ್ಚುಕಟ್ಟು. ನಾನೂ ಹಾಗೇ ಮಾಡಿದ್ದೆ. ಎರಡು ವಾರ ರ‍್ಯಾಮ್ ಪರೀಕ್ಷೆ, ಬಯಾಸ್, ವಿಂಡೋಸ್ ಎಂದೆಲ್ಲ ಒದ್ದಾಡಿ, ಕೊನೆಗೆ ಕಾರ್ಡ್ ಮಾರಲೆಂದು ಬಿಚ್ಚುವಾಗ ಕಂಡಿತು: ಬಾಲದ ಕನೆಕ್ಟರ್‌ನ ಒಂದು ಮೂಲೆಯ ಪ್ಲಾಸ್ಟಿಕ್ ಚಹಾ ಕಲೆಯಂತೆ ಕಂದಾಗಿತ್ತು, ಮೂಗಿನ ಹತ್ತಿರ ಹಿಡಿದರೆ ಸಣ್ಣಗೆ ಸುಟ್ಟ ವಾಸನೆ. ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದ ಎರಡನೆಯ ಕೇಬಲ್ ತೆಗೆದು ಹಾಕಿದೆ. ಆ ಕಾರ್ಡ್ ಇನ್ನೂ ನನ್ನ ಬಳಿಯೇ ಇದೆ.

ಪ್ರತಿ ಕನೆಕ್ಟರ್ ಕಿತ್ತು, ಬಣ್ಣ ನೋಡಿ, ಟಿಕ್ ಎನ್ನುವ ತನಕ ಒತ್ತಿ ಹಾಕಿ. ಹೊಸ ಕಾರ್ಡುಗಳ 12 ವೋಲ್ಟ್‌ನ ಸಣ್ಣ 16 ಪಿನ್ ಕನೆಕ್ಟರ್ ಪೂರ್ತಿ ಕೂರದಿದ್ದರೆ ಕರಗಿಹೋಗುವಷ್ಟು ಬಿಸಿಯಾಗಬಲ್ಲದು. ಅದರ ಬುಡದಲ್ಲೇ ಕೇಬಲ್ ಬಗ್ಗಿಸಬೇಡಿ. ಮದರ್‌ಬೋರ್ಡ್‌ನ ಮೇಲಿನ ಮೂಲೆಯಲ್ಲಿ ಪ್ರೊಸೆಸರ್‌ಗೆ ಹೋಗುವ 8 ಪಿನ್ ಕೂಡ ಮರೆಯಬೇಡಿ.

ಈಗ ದುಡ್ಡಿಲ್ಲದ ಪರೀಕ್ಷೆ. ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್ 70 ಶೇಕಡಾಕ್ಕೆ ಇಳಿಸಿ, ಗೇಮ್‌ನಲ್ಲಿ ಫ್ರೇಮ್ ಮಿತಿ 60 ಇಡಿ. ಹದಿನೈದು ನಿಮಿಷಕ್ಕೆ ಆರುತ್ತಿದ್ದ ಯಂತ್ರ ಎರಡು ಗಂಟೆ ಓಡಿದರೆ, ಬಿಸಿ ಕಾರಣವಲ್ಲ ಎಂದು ಆಗಲೇ ಗೊತ್ತಾಗಿರುವುದರಿಂದ ಉಳಿಯುವುದು ಕರೆಂಟು. ಮೆನು ಮತ್ತು ಲೋಡಿಂಗ್ ಪರದೆಗೂ ಫ್ರೇಮ್ ಮಿತಿ ಅನ್ವಯಿಸುತ್ತಿದೆಯೇ ನೋಡಿ. ಕೆಲವು ಗೇಮ್‌ಗಳು ಏನೂ ಇಲ್ಲದ ಮೆನುವಿನಲ್ಲಿ ಸೆಕೆಂಡಿಗೆ ಸಾವಿರ ಫ್ರೇಮ್ ಬರೆಯುತ್ತಾ ಕೂರುತ್ತವೆ.

ಮುಂದಿನದು ಬೇರೆ ಬೇರೆಯಾಗಿ ದುಡಿಸುವುದು. ಸಿನೆಬೆಂಚ್ ಅರ್ಧ ಗಂಟೆ: ಪ್ರೊಸೆಸರ್ ಮಾತ್ರ. ಓಸಿಸಿಟಿಯ 3ಡಿ ಪರೀಕ್ಷೆ ಅರ್ಧ ಗಂಟೆ: ಕಾರ್ಡ್ ಮಾತ್ರ. ಆಮೇಲೆ ಓಸಿಸಿಟಿಯ ಪವರ್ ಪರೀಕ್ಷೆ: ಎರಡೂ ಒಟ್ಟಿಗೆ. ಒಂದೊಂದೇ ಓಡಿ, ಒಟ್ಟಿಗೆ ಹಾಕಿದಾಗ ಆರಿದರೆ ಎಸ್‌ಎಂಪಿಎಸ್ ಎಂದು ಬರೆದುಕೊಳ್ಳಿ. ಆದರೆ ಎಲ್ಲ ಪರೀಕ್ಷೆ ದಾಟಿತು ಎಂದ ಮಾತ್ರಕ್ಕೆ ಎಸ್‌ಎಂಪಿಎಸ್‌ಗೆ ಕ್ಲೀನ್ ಚಿಟ್ ಕೊಡಬೇಡಿ. ಫರ್‌ಮಾರ್ಕ್‌ನಂಥ ಪರೀಕ್ಷಾ ಸಾಫ್ಟ್‌ವೇರ್‌ಗಳು ಒಂದೇ ಸಮನೆ ಎಳೆಯುತ್ತವೆ. ಗೇಮ್ ಏರಿಳಿಯುತ್ತಾ ಎಳೆಯುತ್ತದೆ. ಸಮತಟ್ಟು ರಸ್ತೆಯಲ್ಲಿ ಓಡಿದ ಗಾಡಿ ಹಂಪ್‌ನಲ್ಲಿ ನಿಂತುಹೋಗುವುದು ಹೊಸದಲ್ಲ.

ಎಚ್‌ಡಬ್ಲ್ಯೂಇನ್ಫೋದಲ್ಲಿ 12 ವೋಲ್ಟ್ ಸಾಲು 11.4ಕ್ಕಿಂತ ಕೆಳಗೆ ಬಿದ್ದರೆ ಅದು ಸುಳಿವು, ಸಾಕ್ಷಿಯಲ್ಲ. ಮದರ್‌ಬೋರ್ಡ್ ಸೆನ್ಸರ್‌ಗಳು ಎಷ್ಟೋ ಸಲ ತಪ್ಪು ತೋರಿಸುತ್ತವೆ.

ಎರಡು ಎಚ್ಚರಿಕೆ. ಎಸ್‌ಎಂಪಿಎಸ್ ಒಳಗೆ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು. ಎಸ್‌ಎಂಪಿಎಸ್ ಬದಲಿಸಿದರೆ ಅದರ ಜೊತೆ ಬಂದ ಕೇಬಲ್‌ಗಳನ್ನೇ ಹಾಕಿ. ಹಳೆಯ ಮಾಡ್ಯುಲರ್ (ಎಸ್‌ಎಂಪಿಎಸ್‌ನಿಂದ ಕಿತ್ತು ಹಾಕಬಹುದಾದ) ಕೇಬಲ್ ಹೊಸದಕ್ಕೂ ಕೂರಬಹುದು, ಆದರೆ ಒಳಗಿನ ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ಆನ್ ಮಾಡಿದ ಕ್ಷಣದಲ್ಲಿ ಹಾರ್ಡ್ ಡಿಸ್ಕ್ ಸುಟ್ಟುಹೋದ ಮೇಲೆ ಹೇಳಿ ಪ್ರಯೋಜನವಿಲ್ಲ.

ಹಂತ 7: ಓವರ್‌ಕ್ಲಾಕ್, ರ‍್ಯಾಮ್, ಪ್ರೊಸೆಸರ್

ನೀಲಿ ಪರದೆ, ರೀಸ್ಟಾರ್ಟ್ ಅಥವಾ ಡಬ್ಲ್ಯೂಎಚ್‌ಇಎ ಸಾಲು ಕಂಡವರಿಗೆ ಈ ಹಂತ. ಬಯಾಸ್‌ನಲ್ಲಿ ಡಿಫಾಲ್ಟ್ ಸೆಟ್ಟಿಂಗ್ ಲೋಡ್ ಮಾಡಿ. ಇದರಿಂದ ಮೆಮೊರಿಯ ವೇಗ ಏರಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಸೆಟ್ಟಿಂಗ್ ಕೂಡ ಆಫ್ ಆಗುತ್ತದೆ. "ಅದು ಓವರ್‌ಕ್ಲಾಕ್ ಅಲ್ಲವಲ್ಲ, ರ‍್ಯಾಮ್ ಪೆಟ್ಟಿಗೆ ಮೇಲೇ ಆ ವೇಗ ಬರೆದಿದೆ" ಎಂದು ವಾದಿಸುವವರಿದ್ದಾರೆ. ಅದೂ ಓವರ್‌ಕ್ಲಾಕೇ, ಅಂದರೆ ಮೂಲ ವೇಗಕ್ಕಿಂತ ಹೆಚ್ಚು ಓಡಿಸುವುದೇ. ಆಫ್ಟರ್‌ಬರ್ನರ್‌ನಲ್ಲಿ ಎಂದೋ ಮಾಡಿ ಮರೆತ ಅಂಡರ್‌ವೋಲ್ಟ್ (ಕಾರ್ಡಿನ ವೋಲ್ಟೇಜ್ ಇಳಿಸಿದ್ದು) ಇದ್ದರೆ ಅದನ್ನೂ ತೆಗೆಯಿರಿ.

ಡಿಫಾಲ್ಟ್‌ನಲ್ಲಿ ತೊಂದರೆ ನಿಲ್ಲದಿದ್ದರೆ ಮೆಮ್‌ಟೆಸ್ಟ್86 ಅನ್ನು ಪೆನ್ ಡ್ರೈವ್‌ಗೆ ಹಾಕಿ ನಾಲ್ಕು ಸುತ್ತು ಓಡಿಸಿ. ರಾತ್ರಿ ಹಚ್ಚಿ ಮಲಗುವ ಕೆಲಸ. ಒಂದೇ ಒಂದು ತಪ್ಪು ಬಂದರೂ ಫೇಲ್. ಆಗ ಒಂದೊಂದೇ ಕಡ್ಡಿ ಹಾಕಿ ಮತ್ತೆ ಪರೀಕ್ಷಿಸಿ.

ಇಂಟೆಲ್ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ ಇರುವವರಿಗೆ ಒಂದು ಮಾತು: ಹೆಚ್ಚಿನ ವೋಲ್ಟೇಜ್‌ನಿಂದ ಚಿಪ್ ಅಸ್ಥಿರವಾಗುವ ತೊಂದರೆಯನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು, ಬಯಾಸ್ ಅಪ್‌ಡೇಟ್ ಮೂಲಕ ತಿದ್ದುಪಡಿ ಕೊಟ್ಟಿತು, ತೊಂದರೆಗೊಳಗಾದ ಮಾದರಿಗಳ ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಅಪ್‌ಡೇಟ್ ಹಾಕದಿದ್ದರೆ ಇಂದೇ ಹಾಕಿ. ಆದರೆ ಆಗಲೇ ಪೆಟ್ಟು ತಿಂದ ಚಿಪ್ ಅಪ್‌ಡೇಟ್‌ನಿಂದ ಸರಿಹೋಗುವುದಿಲ್ಲ, ಬದಲಿಸಬೇಕು. ಇಂಥ ಚಿಪ್‌ಗಳಲ್ಲಿ ಗೇಮ್ ಶುರುವಾಗುವಾಗಲೇ "ವಿಡಿಯೋ ಮೆಮೊರಿ ಸಾಲದು" ಎಂಬ ಸುಳ್ಳು ದೂರು ಬರುವುದುಂಟು.

ಹಂತ 8: ಬದಲಿ ಭಾಗ ಹಾಕಿ ನೋಡುವುದು

ಇಲ್ಲಿಯವರೆಗೆ ಬಂದವರ ಬಳಿ ಅನುಮಾನ ಒಂದೋ ಎರಡೋ ಭಾಗಕ್ಕೆ ಇಳಿದಿರುತ್ತದೆ. ಕೊಳ್ಳುವ ಮೊದಲು ಎರವಲು ತನ್ನಿ. ಮೊದಲು ಎಸ್‌ಎಂಪಿಎಸ್, ಆಮೇಲೆ ಕಾರ್ಡು, ಕೊನೆಗೆ ಮದರ್‌ಬೋರ್ಡ್. ನಿಮ್ಮ ಕಾರ್ಡನ್ನು ಗೆಳೆಯರ ಗಟ್ಟಿ ಯಂತ್ರಕ್ಕೆ ಹಾಕಿ ಅದೇ ಗೇಮ್ ಎರಡು ಗಂಟೆ ಆಡಿದರೆ ಕಾರ್ಡಿನ ಮೇಲಿನ ಆರೋಪ ಇತ್ಯರ್ಥವಾಗುತ್ತದೆ. ಇನ್ನೂ ಬಿಡಿಸದಿದ್ದರೆ ಮದರ್‌ಬೋರ್ಡ್ ಬಿಚ್ಚಿ ಅದರ ಹಿಂದೆ ಬಿದ್ದ ಸ್ಕ್ರೂ, ತಪ್ಪು ಜಾಗದಲ್ಲಿರುವ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಲೋಹದ ಗೂಟ) ಇದೆಯೇ ನೋಡಿ.

ಯಾವಾಗ ಕೈಬಿಡಬೇಕು

ಸುಟ್ಟ ವಾಸನೆ, ಸಿಡಿದ ಸದ್ದು, ಕರಗಿದ ಕನೆಕ್ಟರ್, ಉಬ್ಬಿದ ಕೆಪಾಸಿಟರ್, ಲೋಹದ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವುದು: ಇವುಗಳಲ್ಲಿ ಒಂದು ಕಂಡರೂ "ಇನ್ನೊಂದು ಸಲ ಆನ್ ಮಾಡಿ ನೋಡೋಣ" ಎನ್ನಬೇಡಿ. ಮನೆಯ ಎಂಸಿಬಿ ಬೀಳುತ್ತಿದ್ದರೂ ಹಾಗೆಯೇ.

ರಿಪೇರಿಗೆ ಕೊಡುವಾಗ ಆ ಕಾಗದ ಮತ್ತು ಕೊನೆಯ ಸಲದ ಲಾಗ್ ಫೈಲನ್ನೂ ಜೊತೆಗೆ ಕೊಡಿ, ಯಾವ ಗೇಮ್‌ನಲ್ಲಿ ಎಷ್ಟು ನಿಮಿಷಕ್ಕೆ ಆರುತ್ತದೆ ಎಂದು ಹೇಳಿ. ಇಲ್ಲದಿದ್ದರೆ ಅವರು ಆನ್ ಮಾಡಿ, ಹತ್ತು ನಿಮಿಷ ಡೆಸ್ಕ್‌ಟಾಪ್ ನೋಡಿ, "ಏನೂ ತೊಂದರೆ ಇಲ್ವಲ್ಲ ಸರ್" ಎಂದು ವಾಪಸ್ ಕಳಿಸುತ್ತಾರೆ.